ಅರವತ್ತೊಂದನೇ ಮೀಟರ್

ದೀಪ ಸ್ವಲ್ಪ ಸಣ್ಣ ಮಾಡಿ. ಇದು ಯಾರೋ ಯಾರಿಗೋ ಹೇಳಿದ ಕತೆಯಲ್ಲ, ನನ್ನ ದೊಡ್ಡಪ್ಪನ ಮಗನಿಗೇ ಆದದ್ದು. ಅವನನ್ನು ನಾವೆಲ್ಲ ಮೀಟರಣ್ಣ ಅಂತಲೇ ಕರೆಯುವುದು. ಅಳೆಯುವುದೇ ಅವನ ಕೆಲಸ.

ಅವತ್ತು ರಾತ್ರಿ ಹತ್ತೂವರೆ ಇರಬೇಕು. ಆಫೀಸು ಮುಗಿಸಿಕೊಂಡು ಮೀಟರಣ್ಣ ಆಲದ ಮರದ ದಾರಿಯಲ್ಲಿ ಒಬ್ಬನೇ ನಡೆದು ಬರುತ್ತಿದ್ದ. ಹೆಗಲ ಮೇಲೆ ಹಗ್ಗದ ಸುರುಳಿ, ಕಂಕುಳಲ್ಲಿ ರಿಜಿಸ್ಟರು, ಬಾಯಲ್ಲಿ ಸಾಹೇಬರಿಗೆ ಬೈಗುಳ. ಮರ ದಾಟಿದರೆ ಇಪ್ಪತ್ತು ಹೆಜ್ಜೆಗೆ ಆ ನೀರು. ಅದನ್ನು ಕಂಡರೇ ಅವನಿಗೆ ಮೈಯೆಲ್ಲ ಉರಿ.

ಯಾಕೆ ಅಂತೀರಾ? ಅವನ ಇಲಾಖೆಯವರಿಗೆ ಇದ್ದಬದ್ದ ನೀರನ್ನೆಲ್ಲ ಪಟ್ಟಿ ಮಾಡುವ ಹುಚ್ಚು ಹಿಡಿದಿತ್ತು. ಭೂಮಿಯ ಮೇಲೆ ನೀರು ಎಷ್ಟು ಬಗೆಯಲ್ಲಿ ನಿಲ್ಲುತ್ತದೋ, ಎಷ್ಟು ಬಗೆಯಲ್ಲಿ ಹರಿಯುತ್ತದೋ, ಅಷ್ಟಕ್ಕೂ ಫಾರಂನಲ್ಲಿ ಒಂದೊಂದು ಕಲಂ. ಸಮುದ್ರ, ಕೊಲ್ಲಿ, ಅಳಿವೆ, ಹಿನ್ನೀರು, ಹೊಳೆ, ಹಳ್ಳ, ಸರೋವರ, ಕೆರೆ, ಕೊಳ, ಕುಂಟೆ, ಹೊಂಡ, ಬಾವಿ. ಐದು ತಿಂಗಳು ಕೆಸರು ತುಳಿದು ಇನ್ನೂರ ಹನ್ನೆರಡು ನೀರು ಅಳೆದಾಗಿತ್ತು. ಎಲ್ಲವೂ ತಮ್ಮ ತಮ್ಮ ಕಲಂನಲ್ಲಿ ತೆಪ್ಪಗೆ ಕೂತಿದ್ದವು. ಕೂರದೆ ಉಳಿದದ್ದು ಇದೊಂದೇ, ನಂಬರ್ ಇನ್ನೂರ ಹದಿಮೂರು.

ಮೊದಲು ಬಾವಿ ಅಂತ ಬರೆದ. ಕಟ್ಟೆಯಿಲ್ಲ, ಯಾರೂ ತೋಡಿದ್ದಲ್ಲ, ಬಾವಿ ಹೇಗಾಗುತ್ತದೆ ಅಂತ ಸಾಹೇಬರು ವಾಪಸು ಕಳಿಸಿದರು. ಕೊಳ ಅಂತ ಬರೆದ. ಅಗಲ ಸಾಲದು, ವಾಪಸು. ಹೊಂಡ ಅಂತ ಬರೆದ. ಅವತ್ತು ಸಂಜೆ ಅದೂ ವಾಪಸು ಬಂತು.

"ಆಳದ ಕಲಂ ಖಾಲಿ ಬಿಟ್ಟಿದ್ದೀರಲ್ರೀ?"

"ತಳ ಸಿಗ್ತಿಲ್ಲ ಸಾರ್. ನಲವತ್ತು ಮೀಟರ್ ಹಗ್ಗ ಪೂರ್ತಿ ಬಿಟ್ಟೆ."

"ತಳ ಇಲ್ಲದ ನೀರು ಎಲ್ಲಾದ್ರೂ ಇದೆಯೇನ್ರೀ? ಆಳ ಬರೀರಿ, ಪಟ್ಟಿ ಪಾಸ್ ಮಾಡ್ತೀನಿ. ಪಟ್ಟಿ ಪಾಸಾದ ಮೇಲೆ ನಿಮ್ಮ ರಜೆ."

ರಜೆ... ಅವನ ಸಂಕಟವೆಲ್ಲ ಇದ್ದದ್ದು ಅಲ್ಲೇ. ತವರಿನಲ್ಲಿದ್ದ ಹೆಂಡತಿಗೆ ದಿನ ತುಂಬಿತ್ತು. ಮೊದಲ ಹೆರಿಗೆಯಲ್ಲಿ ಇವನು ಯಾವುದೋ ಹಿನ್ನೀರಿನ ದಡದಲ್ಲಿದ್ದ. ಮಗು ಉಳಿಯಲಿಲ್ಲ, ಅವಳು ಒಬ್ಬಳೇ ಅತ್ತಳು. ಈ ಸಲ ಏನಾದರೂ ಆಗಲಿ, ಪಕ್ಕದಲ್ಲೇ ಇರುತ್ತೇನೆ ಅಂತ ಮಾತು ಕೊಟ್ಟಿದ್ದ. ದಿನಾ ಸಂಜೆ ಫೋನಿನಲ್ಲಿ ಅವಳು ಕೇಳುತ್ತಿದ್ದದ್ದು ಒಂದೇ. "ಯಾವಾಗ ಬರ್ತೀರಿ?" ಒಂದು ಹಾಳು ಗುಂಡಿಯ ದೆಸೆಯಿಂದ ಬರಲಾಗುತ್ತಿಲ್ಲ ಅಂತ ಹೇಗೆ ಹೇಳುತ್ತಾನೆ?

ಸ್ಟೋರಿನವನ ಕೈಕಾಲು ಹಿಡಿದು ಇನ್ನೂ ಇಪ್ಪತ್ತು ಮೀಟರ್ ಹಗ್ಗ ತಂದು ಗಂಟು ಹಾಕಿದ್ದ. ಇವತ್ತು ಇದರ ಕತೆ ಮುಗಿಸಿಯೇ ಮನೆಗೆ, ಅಂತ ನೀರಿನ ಕಡೆ ತಿರುಗಿದ.

ಅವರ ಅಳತೆಗೆ ಒಂದು ಪದ್ಧತಿ ಇದೆ. ಹಗ್ಗ ಬಿಡುವವನು ಒಬ್ಬ, ಬರೆಯುವವನು ಇನ್ನೊಬ್ಬ. ಬಿಟ್ಟವನು ಕೂಗಿ ಹೇಳಬೇಕು, ಬರೆಯುವವನು ಅದನ್ನೇ ತಿರುಗಿ ಹೇಳಬೇಕು. ತಿರುಗಿ ಹೇಳಿದ್ದೇ ಲೆಕ್ಕ, ಅದನ್ನೇ ಬರೆಯುವುದು. ಬರೆಯುವವನು ಅರ್ಧಮೀಟರ್ ಅಂತ ಒಬ್ಬ ಗಿಡ್ಡ ಆಸಾಮಿ. ಅವತ್ತು ಅವನು ಜ್ವರ ಬಂದು ಮಲಗಿದ್ದ. ಮೀಟರಣ್ಣ ಟಾರ್ಚನ್ನು ಕತ್ತಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ, ರಿಜಿಸ್ಟರು ತೊಡೆಯ ಮೇಲಿಟ್ಟುಕೊಂಡ.

ಸೀಸದ ಗುಂಡು ನೀರಿಗೆ ಬಿತ್ತು. ಬುಳುಕ್.

ಹಗ್ಗ ಕಲ್ಲಿನ ಅಂಚಿಗೆ ಉಜ್ಜುತ್ತ ಇಳಿಯಿತು. ಸರ್... ಸರ್... ಮೀಟರಿಗೊಂದು ಗಂಟು. ಗಂಟು ದಾಟಿದಾಗಲೆಲ್ಲ ಟಕ್. ಇಪ್ಪತ್ತು. ಮೂವತ್ತು. ನಲವತ್ತು. ಅಷ್ಟರ ತನಕ ಒಂದೇ ಸಮ ವಟಗುಟ್ಟುತ್ತಿದ್ದ ಕಪ್ಪೆಗಳು ಸುಮ್ಮನಾದವು. ಐವತ್ತು... ಟಕ್... ಟಕ್... ಹಗ್ಗದ ತುದಿ ಕೈಗೆ ಬಂತು. ಗುಂಡು ಇನ್ನೂ ತೂಗುತ್ತಲೇ ಇತ್ತು. ಅವನಿಗೆ ಅಳುವೇ ಬಂತು.

ಆದರೂ ಹದಿನಾಲ್ಕು ವರ್ಷದ ಅಭ್ಯಾಸ ನೋಡಿ. ಕೂಗಿ ಹೇಳಿದ.

"ಅರವತ್ತು. ತಳ ಇಲ್ಲ."

"ಅರವತ್ತೊಂದು. ತಳ."

ನಿಧಾನದ ದನಿ. ಗಂಡೋ ಹೆಣ್ಣೋ ಹೇಳುವ ಹಾಗಿರಲಿಲ್ಲ.

ಮೀಟರಣ್ಣ "ಹ್ಞೂಂ" ಅಂದ. ಅರವತ್ತೊಂದು ಅಂತ ಬರೆದ. ಹಗ್ಗ ಎಳೆದ, ಸುತ್ತಿದ, ಹೆಗಲಿಗೆ ಹಾಕಿಕೊಂಡು ಹೊರಟ. ದಾರಿಗೆ ಬಂದು ನೂರು ಹೆಜ್ಜೆ ನಡೆದ ಮೇಲೆ... ಅರ್ಧಮೀಟರ್ ಇವತ್ತು ಬಂದಿಲ್ಲ ಅಂತ ನೆನಪಾಯಿತು. ಆಮೇಲೆ ಅವನು ನಡೆಯಲಿಲ್ಲ, ಓಡಿದ.

ಸೀದಾ ಹೋಗಿ ತಟ್ಟಿದ್ದು ಅರ್ಧಮೀಟರನ ಬಾಗಿಲು. ಅವನು ಕಂಬಳಿ ಹೊದ್ದೇ ಎದ್ದು ಬಂದ. ಇಬ್ಬರೂ ಪಿಸುಗುಟ್ಟಿದರು.

"ಯಾರು ಹೇಳಿದ್ದು?"

"ಗೊತ್ತಿಲ್ಲ. ಕೆಳಗಿಂದ."

"ಬರ್ಕೊಂಡ್ಯಾ?"

"ಬರ್ಕೊಂಡೆ."

ಅರ್ಧಮೀಟರ್ ರಿಜಿಸ್ಟರು ಇಸಿದುಕೊಂಡು ನೋಡಿದ. "ಹಾಗಾದ್ರೆ ಹೊಡೆದು ಹಾಕ್ಬೇಡ," ಅಂದ. "ತಿರುಗಿ ಹೇಳಿದ್ದೇ ಲೆಕ್ಕ."

ಮರುದಿನ ಸಾಹೇಬರಿಗೆ ಅನುಮಾನ. ನಿನ್ನೆ ಸಿಗದ ತಳ ಇವತ್ತು ಹೇಗೆ ಸಿಕ್ಕಿತು? ಎಂಬತ್ತು ಮೀಟರ್ ಹಗ್ಗ ಕೊಟ್ಟು ಬೇರೆ ಇಬ್ಬರನ್ನು ಕಳಿಸಿದರು. ಮಧ್ಯಾಹ್ನ ಅವರು ಬಂದು ಹೇಳಿದ್ದೂ ಅರವತ್ತೊಂದೇ. ಸಾಹೇಬರು 'ಇತರೆ' ಅಂತ ಹೊಸ ಕಲಂ ಒಂದನ್ನು ಗೀಚಿ ಪಟ್ಟಿ ಪಾಸು ಮಾಡಿದರು. ಇಷ್ಟಕ್ಕೆ ಮೂರು ವಾರ ಕುಣಿಸಿದರಲ್ಲ ಅಂತ ಮೀಟರಣ್ಣ ಹಲ್ಲು ಕಡಿದುಕೊಂಡೇ ಬಸ್ಸು ಹತ್ತಿದ.

ಹೋದ. ಸರಿಯಾದ ಹೊತ್ತಿಗೇ ಹೋದ. ಬೆಳಗಿನ ಜಾವ ಹೆರಿಗೆಯಾಯಿತು, ಹೆಣ್ಣು ಮಗು. ಅತ್ತಿತು, ಕೈಕಾಲು ಬಡಿಯಿತು. ಇವನನ್ನು ಒಳಗೆ ಕರೆದರು. ಹೆಂಡತಿ ಇವನ ಕೈ ಹಿಡಿದುಕೊಂಡು ಮುಖವನ್ನೇ ನೋಡುತ್ತ ಮಲಗಿದ್ದಳು. ನರ್ಸಮ್ಮ ಇವರಿಗೆ ಬೆನ್ನು ಮಾಡಿ ಮಗುವನ್ನು ತಕ್ಕಡಿಯ ಮೇಲಿಟ್ಟು, ಬರೆಯುತ್ತ, ಜೋರಾಗಿ ಹೇಳಿದರು.

"ಎರಡು ಕಿಲೋ ಒಂಬೈನೂರು."

"ಎರಡು ಕಿಲೋ ಏಳುನೂರು."

ನರ್ಸಮ್ಮ ತಲೆ ಎತ್ತಲಿಲ್ಲ. ತಕ್ಕಡಿ ನೋಡಿದರು, ಮಗುವಿಗೆ ಸುತ್ತಿದ್ದ ಟವೆಲ್ ನೋಡಿದರು. "ಹೌದಲ್ವಾ, ಟವೆಲ್ ತೂಕ ಕಳೀಲೇ ಇಲ್ಲ ನಾನು," ಅಂತ ನಕ್ಕರು. "ಒಳ್ಳೇ ಅಪ್ಪ ಕಣಮ್ಮಾ ನಿನ್ನ ಮಗೂಗೆ. ಲೆಕ್ಕ ಪಕ್ಕಾ."

ಹೆಂಡತಿ ಅವನ ಕೈ ಬಿಟ್ಟಳು. ಅವನ ಬಾಯಿ ತೆರೆದಿರಲಿಲ್ಲ, ಅವಳು ನೋಡುತ್ತಲೇ ಇದ್ದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೂಲೆಯಲ್ಲಿ ಒಂದು ಬಕೆಟ್ಟು, ಅದರಲ್ಲಿ ಅರ್ಧ ನೀರು.

ಮಗು ಚೆನ್ನಾಗಿದೆ, ಈಗ ನಾಲ್ಕನೇ ಕ್ಲಾಸು. ಸುಳ್ಳು ಹೇಳಿ ನನಗೇನಾಗಬೇಕು? ಆಸ್ಪತ್ರೆಯ ಚೀಟಿ ನಾನೇ ಕೈಯಾರೆ ಹಿಡಿದು ನೋಡಿದ್ದೇನೆ. ಒಂಬೈನೂರನ್ನು ಹೊಡೆದು ಏಳುನೂರು ಮಾಡಿ, ಪಕ್ಕದಲ್ಲಿ ನರ್ಸಮ್ಮ ಸಹಿ ಹಾಕಿದ್ದಾರೆ. ಅದರ ಕೆಳಗೆ, 'ತಂದೆ ಹೇಳಿದಂತೆ ತಿದ್ದಲಾಗಿದೆ' ಅಂತ ಬರೆದಿದ್ದಾರೆ.