ಫರ್ನೆಸ್ ಹಚ್ಚದ ದಿನ

ಹಲೋ... ಹಾಂ, ಮಾಚೇನಹಳ್ಳಿ ಫೌಂಡ್ರಿನೇ. ಯಾರು ಮಾತಾಡೋದು?... ಕಾಂತರಾಜನಾ? ನಾನು ಭೀಮೇಶ. ಏನು ಮಾರಾಯ, ಶಿವಮೊಗ್ಗದ ದೊಡ್ಡ ಕಂಪನಿ ಸೇರಿದ್ಮೇಲೆ ಯೂನಿಯನ್ನೋರ ನೆನಪೇ ಇಲ್ಲ ಅಂದ್ಕೊಂಡಿದ್ದೆ.

...

ಹೌದು, ನಮ್ಮ ಜೊತೆ ಕಬ್ಬಿಣ ಹುಯ್ತಿದ್ದ ರಂಗಪ್ಪ ಹೋದ. ಬೆಳಿಗ್ಗೆ, ಆಸ್ಪತ್ರೇಲಿ. ಹೆಣ ಇನ್ನೂ ನ್ಯೂ ಟೌನಿನ ಮನೆಗೆ ಬಂದಿಲ್ಲ.

...

ನಿಮ್ಮ ಕಂಪನಿಗೆ ಕಳಿಸೋ ಲೋಡಾ? ಇವತ್ತು ಹೇಗೆ ಬರುತ್ತೆ? ಜೊತೆಯವನು ಸತ್ತರೆ ಮಣ್ಣಾಗೋವರೆಗೆ ಫರ್ನೆಸ್ ಹಚ್ಚಲ್ಲ ನಾವು. ನಿಂಗೊತ್ತಲ್ವಾ? ನಿಮ್ಮಪ್ಪ ಸತ್ತಾಗಲೂ ಹಚ್ಚಿರಲಿಲ್ಲ.

...

ಫಜಿ ಲಾಜಿಕ್ಕಾ? ಹಾಂ, ಕೇಳಿದೀನಿ. ಯಾರ ಹತ್ರ ಮಾಲು ತಗೋಬೇಕು ಅಂತ ಕಂಪ್ಯೂಟರ್ ಆರಿಸೋದು. ಆ ಪ್ರೋಗ್ರಾಂ ಬರೆದೋನು ನೀನೇ ಅಲ್ವಾ?... ಒಳ್ಳೇದು, ಕೆಟ್ಟದ್ದು ಎರಡೇ ಅಲ್ಲ, ನಡುವೆ 'ಸುಮಾರು', 'ಪರವಾಗಿಲ್ಲ', ಎಲ್ಲಕ್ಕೂ ಜಾಗ ಕೊಟ್ಟಿದೀಯ... ಸರಿ. ಮಾಲು ತಡ ಯಾಕಾಯ್ತು ಅನ್ನೋದಕ್ಕೆ ಜಾಗ ಕೊಟ್ಟಿದೀಯಾ?

...

ಇಲ್ಲ. ಅಲ್ವಾ?

...

ಕೋಪ ಅಲ್ಲ, ಕೇಳು. ಕರಗಿದ ಕಬ್ಬಿಣ ಹೊರೋ ಲೇಡಲ್ ಒಳಗಿನ ಮಣ್ಣು ಬಿರುಕು ಬಿಟ್ಟಿತ್ತು. ಕೆಲಸ ನಿಲ್ಲಿಸಿ ಮತ್ತೆ ಮೆತ್ತಿ ಒಣಗಿಸಬೇಕು ಅಂದ ರಂಗಪ್ಪ. ನಮ್ಮ ಸಾಹುಕಾರ್ರು ಉಜ್ಜನಪ್ಪನೋರು ಏನಂದ್ರು ಗೊತ್ತಾ? 'ಲೋಡು ತಡ ಆದ್ರೆ ಕಾಂತರಾಜನ ಕಂಪ್ಯೂಟರ್ ನಮ್ಮನ್ನ ಕೆಳಗೆ ಹಾಕುತ್ತೆ.' ಹಂಗೇ ಕಬ್ಬಿಣ ಹುಯ್ಸಿದ್ರು. ಲೇಡಲ್ ತಳ ಒಡೀತು. ಅವನ ಮೈಮೇಲೇ...

...

ನೀನು ಕೊಂದೆ ಅಂದ್ನಾ? ಯಾರನ್ನ ಕೇಳಿ ಬರೆದೆ ಅಂತ ಕೇಳ್ತಿದೀನಿ... ಪರ್ಚೇಸಿನೋರನ್ನ. ಹುಯ್ಯೋರನ್ನ ಕೇಳಿದ್ಯಾ? ಯೂನಿಯನ್ ಓದುಬಳಗದಲ್ಲಿ ನನ್ನ ಪಕ್ಕ ಕೂತು, ದುಡಿಯೋರ ಪರ ಗಂಟಲು ಹರಿಯೋ ಹಂಗೆ ವಾದ ಮಾಡ್ತಿದ್ದೋನು ನೀನು.

...

ಹಾಂ?... ಇವತ್ತು ಹೊರಡದಿದ್ರೆ ಆರ್ಡರ್ ಬೇರೆ ಫೌಂಡ್ರಿಗಾ?... ನಿನ್ನ ಕಂಪ್ಯೂಟರಲ್ಲಿ ಅವರಿಗೆ 'ತುಂಬಾ ಚೆನ್ನಾಗಿದೆ' ಅಂತ ಬಂದಿದೆಯಾ? ಬರದೆ ಏನು. ಅಲ್ಲಿ ಹೆಣ ಪಕ್ಕಕ್ಕೆ ಸರಿಸಿ ಹುಯ್ತಾರೆ.

...

ಎಲ್ಲರ ಅನ್ನ ಹೋಗುತ್ತೆ, ಗೊತ್ತು ಕಾಂತರಾಜ. ರಂಗಪ್ಪನ ಹೆಂಡತಿ ಪುಟ್ಟಲಕ್ಷ್ಮಿನೂ ಇಲ್ಲೇ ದುಡಿಯೋಳು. ಅವಳ ಮುಂದೆ ನಿಂತು ಹಚ್ಚಿ ಅಂತ ನಾನು ಹೇಳ್ಲಾ?... ಹೇಳಲ್ಲ. ಹೇಳಲ್ಲ ಅಂದೆ. ಗೇಟಲ್ಲಿ ಎಲ್ಲರೂ ಕೂತಿದೀವಿ. ಫೋನು ಬಡ್ಕೊಳ್ತಿತ್ತು ಅಂತ ನಾನೊಬ್ಬನೇ ಎದ್ದು ಆಫೀಸಿಗೆ ಬಂದೆ.

...

ತಡಿ, ಒಂದ್ನಿಮಿಷ... ಫರ್ನೆಸ್ಸಿಗೆ ಗಾಳಿ ಊದೋ ಬ್ಲೋವರ್ ಶಬ್ದ. ಯಾರು ಹಚ್ಚಿದ್ರು?... ಕಿಟಕೀಲಿ ಹೊಗೆ ಕಾಣ್ತಿದೆ. ಹಿಂದಿನ ಬಾಗಿಲಲ್ಲಿ ಲಾರಿ ನಿಂತಿದೆ. ಉಜ್ಜನಪ್ಪನೋರು ಹೊರಗಿನ ಆಳುಗಳನ್ನ ಇಳಿಸ್ತಿದಾರೆ.

...

ನೀನು ಅವರಿಗೆ ಮೊದಲೇ ಫೋನ್ ಮಾಡಿದ್ಯಾ? ನನ್ನ ಇಲ್ಲಿ ಮಾತಲ್ಲಿ ಹಿಡಿದಿಡು ಅಂತ ಅವರೇ ಹೇಳಿದ್ರಾ?... ಕಾಂತರಾಜ?

...

ಮಾತಾಡು ಮಾರಾಯ. ಫೋನ್ ಇಡಬೇಡ, ಅದೊಂದು ಹೇಳು...