ಬೆಲ್ಟಿಗೆ ಕೀಲೆಣ್ಣೆ

ಆನವಟ್ಟಿಯಲ್ಲಿ ಶಿಕಾರಿಪುರದ ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ಅಕ್ಕ, ತಮ್ಮ ನಿಂತಿದ್ದರು. ತಮ್ಮನ ಕೈಯೆಲ್ಲ ಮಸಿ.

“ನಿನ್ನ ಭಾವ ನಿನ್ನೆಯೆಲ್ಲ ಅಂಗಳದಲ್ಲಿ ಕೂತು ಕಾರಿಗೆ ಹೊಸ ಬೆಲ್ಟು, ಪುಲ್ಲಿ ಹಾಕಿದ್ರು. ಆಮೇಲೆ ನಿನಗೆ ಯಾರು ಕೈ ಹಾಕು ಅಂದ್ರು?”

“ಬೆಲ್ಟು ಕಿರ್ ಅಂತಿತ್ತಕ್ಕ. ಎತ್ತಿನ ಗಾಡಿಗೆ ಹಚ್ಚೋ ಕೀಲೆಣ್ಣೆ ಹಚ್ಚಿದೆ.”

“ಹಚ್ಚಿದ್ದಕ್ಕೇ ಬೆಲ್ಟು ಜಾರಿ, ಇಂಜಿನ್ ನೀರು ಕುದ್ದು, ಕಾರು ದಾರೀಲಿ ನಿಂತಿದ್ದು.”

“ಎತ್ತಿನ ಗಾಡಿ ಒಂದು ದಿನಾನೂ ಹಿಂಗೆ ನಿಂತಿಲ್ಲ.”

“ನನ್ನ ಮಗ ಆಗಲೇ ಶಿಕಾರಿಪುರದಲ್ಲಿ ಹಸೆ ಮೇಲೆ ಕೂತಿರ್ತಾನೆ. ತಾಳಿ ಇಲ್ಲಿ ನನ್ನ ಸೆರಗಲ್ಲಿದೆ.”

“ಪುರೋಹಿತರು ಕಾಯ್ತಾರೆ ಬಿಡಕ್ಕ.”

“ಮುಹೂರ್ತ ಕಾಯುತ್ತೇನೋ?”

ಬಸ್ಸು ಬಂತು. ತಮ್ಮ ಹತ್ತಲು ಬಾಗಿಲ ಸರಳಿಗೆ ಕೈ ಚಾಚಿದ.

“ಆ ಕೈಲಿ ಬಸ್ಸು ಮುಟ್ಟಬೇಡ. ಇದಾದ್ರೂ ಊರು ಸೇರಲಿ.”