ಅಮ್ಮನಿಗೆಂದು ಮಾಡಿದ ಕುರ್ಚಿ

ದಾರದುಂಡೆ ಕೊಳ್ಳಲು ಫೋಮು, ರೆಕ್ಸಿನ್ ಮಾರುವ ಅಂಗಡಿಯ ಸಾಲಿನಲ್ಲಿ ನಿಂತಿದ್ದ ದರ್ಜಿ ಹೆಂಗಸಿಗೆ, ಮುಂದಿದ್ದ ಅಣ್ಣ ತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಊಟದ ಕುರ್ಚಿ ನಾನೇ ಮಾಡ್ತೀನಿ ಅಂತ ಹಟ ಹಿಡಿದೆಯಲ್ಲ ಅಣ್ಣಾ, ಅಳತೆ ಹೇಗೆ ತಪ್ತು?”

“ಅಮ್ಮನ ಮೊಣಕಾಲಿಗೆ ಸರಿಯಾಗೇ ಕುರ್ಚಿ ಕಾಲು ಕುಯ್ದಿದ್ದೆ ಕಣೇ. ಅದರ ಮೇಲೆ ಮೆತ್ತೆ ಬರುತ್ತೆ ಅನ್ನೋದೇ ತಲೆಗೆ ಹೊಳೀಲಿಲ್ಲ.”

“ಪಾಪ, ಕೂತ್ರೆ ಪಾದ ನೆಲಕ್ಕೆ ಎಟಕಲ್ಲ. ಚಿಕ್ಕ ಮಗೂ ಕಾಲಿನ ಥರ ಜೋತಾಡ್ತವೆ.”

“ಒಂದು ಮಾತು ಹೇಳಬಾರದಿತ್ತಾ? ಚೆನ್ನಾಗಿದೆ ಮಗಾ ಅಂದ್ಳು.”

“ಮಗ ಮಾಡಿದ್ದನ್ನ ಯಾವ ತಾಯಿ ಆಡ್ಕೋತಾಳೆ? ಕೆಲಸ ಇದೆ ಅಂತ ಹೇಳಿ ಒಲೆ ಹತ್ರ ನಿಂತ್ಕೊಂಡೇ ಉಣ್ಣೋಕೆ ಶುರು ಮಾಡಿದ್ಳು.”

“ನಾನು ಅದನ್ನ ತಾತ್ಸಾರ ಅಂದ್ಕೊಂಡೆ. ಎಲ್ಲರ ಮುಂದೆ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ.” ಅವನ ದನಿ ಇಳಿಯಿತು. “ಅವತ್ತಿಂದ ನನ್ನ ಹತ್ರ ಮಾತೇ ಕಮ್ಮಿ.”

“ಫೋಮು ಎಷ್ಟು ದಪ್ಪ ಬೇಕು ಸ್ವಾಮಿ?” ಅಂಗಡಿಯವನು ಕೂಗಿದ.

“ತೆಳ್ಳಗಿರೋದು...”

“ತೆಳ್ಳಗಿರೋದು ಹಾಕಿ ಅಮ್ಮನ ಸೊಂಟ ಮುರೀತೀಯಾ?” ತಂಗಿ ತಡೆದಳು. “ ನಡಿ ಮನೆಗೆ, ಕುರ್ಚಿ ಕಾಲು ಕುಯ್ಯಿ.”

“ಕುಯ್ತೀನಿ. ಆಮೇಲಾದ್ರೂ ಬಂದು ಕೂರ್ತಾಳಾ?”

“ಇವತ್ತು ನೀನೂ ತಟ್ಟೆ ಹಿಡ್ಕೊಂಡು ಅವಳ ಪಕ್ಕ ನಿಂತು ಉಣ್ಣು. ಕುರ್ಚಿ ಮಾತು ಆಮೇಲೆ.”

ಅಣ್ಣ ತಲೆ ತಗ್ಗಿಸಿಕೊಂಡು ಸಾಲು ಬಿಟ್ಟು ಹೊರಟ.